ಗುಂಪಿಗೆ ತಿಳಿಸದ ದಾರಿ

ಇಂಥ ಅನುಭವಗಳನ್ನು ಬೇರೆಯವರು ಹೇಳುವಾಗ ನಾನು ಎರಡೇ ಪ್ರಶ್ನೆ ಕೇಳುತ್ತಿದ್ದೆ. ಆ ದಿನ ಸರಿಯಾಗಿ ಊಟ ಆಗಿತ್ತೇ? ಹಿಂದಿನ ರಾತ್ರಿ ನಿದ್ದೆ ಬಂದಿತ್ತೇ? ಎರಡರಲ್ಲಿ ಒಂದಕ್ಕಾದರೂ ಅವರು ಇಲ್ಲ ಎನ್ನುತ್ತಿದ್ದರು. ನಾನು ನಕ್ಕು ಮಾತು ಬದಲಿಸುತ್ತಿದ್ದೆ. ಈಗ ನೀವು ನನಗೆ ಅದನ್ನೇ ಕೇಳಬಹುದು. ಹಿಂದಿನ ರಾತ್ರಿ ಗಜೇಂದ್ರಗಡದ ಅಕ್ಕನ ಮನೆಯಲ್ಲಿ ಚೆನ್ನಾಗಿ ಮಲಗಿದ್ದೆ. ಆ ಮಧ್ಯಾಹ್ನ ರೋಣದ ಖಾನಾವಳಿಯಲ್ಲಿ ರೊಟ್ಟಿ, ಹೆಸರುಕಾಳಿನ ಪಲ್ಯ ಉಂಡಿದ್ದೆ. ಆದರೂ ಆದದ್ದು ಆಯಿತು.

ಎರಡು ಸಾವಿರದ ದಶಕದ ನಡುವಿನ ಮಾತು. ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದ ನನಗೆ ಬೈಕಿನ ಹುಚ್ಚು. ನಮ್ಮಂಥವರದೇ ಒಂದು ಗುಂಪು ಇಂಟರ್ನೆಟ್ಟಿನಲ್ಲಿತ್ತು. ಯಾರು ಒಳ್ಳೆಯ ರಸ್ತೆ ಕಂಡರೂ ಅದನ್ನು ಬರೆದು ಉಳಿದವರಿಗೆ ತಿಳಿಸಬೇಕು. ಡಾಂಬರು ಎಲ್ಲಿಯವರೆಗೆ ಇದೆ, ತಿರುವುಗಳು ಹೇಗಿವೆ, ಪೆಟ್ರೋಲು ಎಲ್ಲಿ ಸಿಗುತ್ತದೆ, ಚಹಾ ಎಲ್ಲಿ ಚೆನ್ನಾಗಿದೆ, ಇಷ್ಟೂ ಬರೆಯಬೇಕು. ಆಗಿನ ನಕಾಶೆಗಳಲ್ಲಿ ನಮ್ಮ ಕಡೆಯ ಒಳದಾರಿಗಳು ಇರುತ್ತಿರಲಿಲ್ಲ. ಹೋಗಿ ನೋಡಿ, ಕೇಳಿ ತಿಳಿದುಕೊಳ್ಳಬೇಕಿತ್ತು. ಎಲ್ಲರೂ ಘಟ್ಟದ ರಸ್ತೆಗಳನ್ನೇ ಹೊಗಳುತ್ತಿದ್ದಾಗ, ಎರಿಯ ಕಪ್ಪು ಮಣ್ಣಿನ ನಮ್ಮ ಸೀಮೆಯಲ್ಲೂ ಓಡಿಸುವಂಥ ದಾರಿ ಇದೆ ಎಂದು ತೋರಿಸುವ ಹಟ ನನಗೆ. ಗಜೇಂದ್ರಗಡದ ಗುಡ್ಡದಿಂದ ಇಳಿದು, ಇಟಗಿಯ ಮೇಲೆ ರೋಣಕ್ಕೆ ಬಂದು, ಅಲ್ಲಿಂದ ಸವಡಿ ಕಡೆಯ ಒಳದಾರಿ ಹಿಡಿದು ಬೆಣ್ಣಿಹಳ್ಳ ದಾಟಿದರೆ ನರಗುಂದದ ಗುಡ್ಡ ಎದುರಿಗೇ ಏಳುತ್ತದೆ. ಮುಂದಿನ ಭಾನುವಾರ ಗುಂಪಿನ ಎಂಟು ಜನರನ್ನು ಅದೇ ದಾರಿಯಲ್ಲಿ ಕರೆದೊಯ್ಯಬೇಕೆಂದು ನಿಶ್ಚಯಿಸಿ, ಮೊದಲು ಒಬ್ಬನೇ ನೋಡಿಬರಲು ಹೊರಟಿದ್ದೆ.

ಮುಂಗಾರಿನ ಕೊನೆಯ ದಿನಗಳು. ಬೆಳಗಿನಿಂದ ಮೋಡ ಮುಚ್ಚಿಕೊಂಡಿತ್ತು, ಮಳೆ ಮಾತ್ರ ಬಿದ್ದಿರಲಿಲ್ಲ. ಸವಡಿ ದಾಟಿ ಒಳದಾರಿ ಒಡೆಯುವಲ್ಲಿ ತಗಡಿನ ಚಹಾದಂಗಡಿಯೊಂದಿತ್ತು. ದಾರಿ ಕೇಳೋಣವೆಂದು ನಿಲ್ಲಿಸಿ ಹೆಲ್ಮೆಟ್ ತೆಗೆದೆ. ಅಂಗಡಿಯಾಕೆ ಮಲ್ಲವ್ವ ಎಂಬ ನಡುವಯಸ್ಸಿನ ಹೆಂಗಸು. ನಾನು ಬಾಯಿ ತೆರೆಯುವ ಮೊದಲೇ ಆಕೆ, “ಹೊಳ್ಳಿ ಬಂದ್ರಿ? ಚಲೋ ಆತು. ಹಳ್ಳ ತುಂಬಿ ಬಂದೈತಿ, ಆ ದಾರಿ ಬ್ಯಾಡ ಅಂತ ಆಗ ಬಡಕೊಂಡ್ನೆಲ್ರಿ,” ಎಂದಳು.

“ನಾ ಈಗ ಬರಾಕತ್ತೀನಿ, ಯವ್ವಾ. ಬ್ಯಾರೆ ಯಾರೋ ಇರಬೇಕು,” ಎಂದೆ.

ಆಕೆ ನಕ್ಕಳು. “ಚ್ಯಾಷ್ಟಿ ಮಾಡ್ತೀರೇನು? ಇದ ಜಾಕೀಟು, ಇದ ಕೆಂಪು ಗಾಡಿ, ಇದ ಮಾರಿ. ಇಲ್ಲೇ ಕುಂತು ಚಾ ಕುಡದ್ರಿ. ಆದಿತ್ಯವಾರ ಎಂಟ್ ಮಂದಿ ಬರತಾರ, ಬಿಸಿ ಮಿರ್ಚಿ ಮಾಡವ್ವಾ ಅಂದ್ರಿ.”

ಭಾನುವಾರದ ವಿಷಯವನ್ನು ಆ ಸೀಮೆಯಲ್ಲಿ ನಾನು ಯಾರಿಗೂ ಹೇಳಿರಲಿಲ್ಲ. ಅಕ್ಕನಿಗೂ ಹೇಳಿರಲಿಲ್ಲ. ಮುಖ ಅದೇ ಎಂದದ್ದು ಆಕೆಯ ಕಣ್ತಪ್ಪು, ಗುಂಪಿನವನೇ ಒಬ್ಬ ನನಗಿಂತ ಮೊದಲು ಬಂದು ತಮಾಷೆ ಮಾಡಿರಬೇಕೆಂದುಕೊಂಡೆ. ಯಾರಿರಬಹುದು ಎಂದು ಒಬ್ಬೊಬ್ಬರನ್ನೇ ನೆನೆಸಿಕೊಳ್ಳುತ್ತ, ಹಳ್ಳವನ್ನು ಕಣ್ಣಾರೆ ನೋಡಿ ತಿರುಗೋಣವೆಂದು ಮುಂದೆ ಹೊರಟೆ.

ದಾರಿಯ ಎರಡೂ ಕಡೆ ಹತ್ತಿಯ ಹೊಲ. ಮನುಷ್ಯರ ಸುಳಿವಿಲ್ಲ. ಹಿಂದಿನ ಮಳೆಗೆ ನೆಲ ಮೆತ್ತಗಾಗಿತ್ತು. ಅದರ ಮೇಲೆ ಒಂದೇ ಒಂದು ಬೈಕಿನ ಗಾಲಿಯ ಗುರುತು ಹೊಸದಾಗಿ ಮೂಡಿತ್ತು. ಅದು ಮುಂದೆ ಹೋಗಿತ್ತೇ ಹೊರತು ಹಿಂದಿರುಗಿರಲಿಲ್ಲ. ಒಂದಿಷ್ಟು ದೂರ ಹೋದಮೇಲೆ ಬದುವಿನ ಮೇಲೆ ಕಂಬಳಿ ಹೊದ್ದು ಕೂತಿದ್ದ ಮುದುಕನೊಬ್ಬ ನನ್ನನ್ನು ಕಂಡು ಎದ್ದು ನಿಂತ. ಗಾಡಿ ನಿಲ್ಲಿಸಿದೆ. ಆತ ನನ್ನ ಮುಖ ನೋಡಿದ, ಹಳ್ಳದ ಕಡೆ ತಿರುಗಿ ನೋಡಿದ, ಮತ್ತೆ ನನ್ನನ್ನು ನೋಡಿದ.

“ಮುಂದ ಹೋದಾಂವ ಹಿಂದಿಂದ ಹ್ಯಾಂಗ ಬಂದಿ, ತಮ್ಮಾ?” ಎಂದ. ದನಿ ಸಣ್ಣಗಿತ್ತು.

“ನಾ ಹೋಗಿಲ್ರಿ ಅಜ್ಜಾರ.”

“ನನ್ನ ಮುಂದ ಹೋದಿ. ಈ ದಾರಿ ಬಿಟ್ರ ಮತ್ತೊಂದು ದಾರಿ ಇಲ್ಲ. ಎರಿಯೊಳಗ ಗಾಡಿ ಇಳಿಸಾಕ ಬರೂದಿಲ್ಲ. ಖರೇ ಹೇಳು, ಹ್ಯಾಂಗ ಬಂದಿ?”

ಕೇಳಿ ಸುಮ್ಮನಾಗಲಿಲ್ಲ ಆತ. ನನ್ನಿಂದ ಒಂದೊಂದೇ ಹೆಜ್ಜೆ ಹಿಂದೆ ಸರಿಯತೊಡಗಿದ. ನನಗೆ ಹೆದರಿದ ಮನುಷ್ಯನನ್ನು ನಾನು ಅದೇ ಮೊದಲು ನೋಡಿದ್ದು. ಅಷ್ಟರಲ್ಲಿ ಹಳ್ಳದ ಸಪ್ಪಳ ಕೇಳಿಸಿತು. ಇಲ್ಲಿ ಹನಿ ಬೀಳದಿದ್ದರೂ ಮೇಲೆ ಧಾರವಾಡದ ಕಡೆ ಮಳೆಯಾದರೆ ಬೆಣ್ಣಿಹಳ್ಳ ದಿಢೀರನೆ ಏರುತ್ತದೆ. ಮುಂದಿನ ತಿರುವು ದಾಟಿದ್ದರೆ ನೀರು ಕಾಣುತ್ತಿತ್ತು. ಗಾಲಿಯ ಗುರುತು ಆ ತಿರುವಿನೊಳಗೆ ಹೋಗಿತ್ತು. ಕೆಸರಿನಲ್ಲಿ ಗಾಡಿಯನ್ನು ಹೇಗೆ ತಿರುಗಿಸಿದೆನೋ ತಿಳಿಯದು. ಚಹಾದಂಗಡಿಯ ಮುಂದೆ ನಿಲ್ಲಿಸದೆ, ರೋಣ, ಗದಗ ದಾಟಿ ನೇರ ಹುಬ್ಬಳ್ಳಿಗೆ ಬಂದೆ. ದಾರಿ ಕೆಟ್ಟಿದೆ, ಭಾನುವಾರ ಬರಬೇಡಿ ಎಂದು ಗುಂಪಿಗೆ ಎರಡು ಸಾಲು ಬರೆದೆ. ವಿಚಾರಿಸಿದರೆ, ನಮ್ಮವರಲ್ಲಿ ಯಾರೂ ಆ ಕಡೆ ಹೋಗಿರಲಿಲ್ಲ.

ಮನಸ್ಸು ಮಾತ್ರ ತಡೆಯಲಿಲ್ಲ. ಕೆಲವು ವಾರ ಕಳೆದು ಬಿಸಿಲು ಬಿದ್ದ ಮೇಲೆ ಬಸ್ಸಿನಲ್ಲಿ ಹೋದೆ. ಮಲ್ಲವ್ವ ನನ್ನನ್ನು ಕಂಡವಳೇ ತಲೆಯ ಮೇಲೆ ಸೆರಗೆಳೆದುಕೊಂಡು ಅಂಗಡಿಯೊಳಕ್ಕೆ ಸರಿದಳು. ಅಲ್ಲಿಂದಲೇ ಇಣುಕಿ, “ನೀವು ಜೀವಂತ ಅದೀರೇನ್ರಿ?” ಎಂದಳು.

ಆಮೇಲೆ ಆಕೆ ಹೇಳಿದ್ದನ್ನು ಹಾಗೆಯೇ ಹೇಳುತ್ತೇನೆ. ಅಂದು ಕೆಂಪು ಗಾಡಿಯವನೊಬ್ಬ ಹಳ್ಳಕ್ಕೆ ಇಳಿದ. ನಡುನೀರಿನಲ್ಲಿ ಗಾಡಿ ಹೋಯಿತು, ಅವನೂ ಹೋದ. ದಂಡೆಯಲ್ಲಿ ಹೊಲವಿದ್ದ ಹುಸೇನಸಾಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರೂ ಉಳಿಸಿಕೊಳ್ಳಲಾಗಲಿಲ್ಲ. ಪೊಲೀಸರು ಬಂದರು. ನೀರು ಇಳಿದ ಮೇಲೆ ಊರಿನ ಜನ ಕೆಳಗಿನವರೆಗೂ ಹುಡುಕಿದರು. ಹೆಣ ಸಿಗಲಿಲ್ಲ, ಗಾಡಿ ಸಿಗಲಿಲ್ಲ. ಇಂಥವರು ಕಾಣುತ್ತಿಲ್ಲವೆಂದು ಕೇಳಿಕೊಂಡು ಯಾರೂ ಬರಲಿಲ್ಲ.

“ಹುಸೇನಸಾಬ ಅವತ್ತಿಂದ ಹಾಸಿಗಿ ಹಿಡದಾನ್ರಿ. ತುತ್ತು ಇಳೀವಲ್ದು,” ಎಂದಳು ಮಲ್ಲವ್ವ. “ನಿಮ್ಮ ಮಾರಿ ಒಂದೀಟು ತೋರ್ಸಿ ಹೋಗ್ರಿ. ಉಳಕೊಂಡಾನು.”

ಹೋದೆ. ನನ್ನನ್ನು ನೋಡಿದರೆ ಆತನ ಎದೆಯ ಭಾರ ಇಳಿಯುತ್ತದೆ ಎಂಬ ನಂಬಿಕೆ ನನಗೂ ಇತ್ತು. ಹುಸೇನಸಾಬ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಐವತ್ತರ ಆಸುಪಾಸು, ದೊಡ್ಡ ಮೈಕಟ್ಟು, ಆದರೆ ಕಣ್ಣು ಒಳಗೆ ಹೋಗಿದ್ದವು. ಆತನ ಹೆಂಡತಿ, “ನೋಡ್ರಿ, ಅವರ ಬಂದಾರ. ಏನೂ ಆಗಿಲ್ಲ ಅವರಿಗೆ,” ಎಂದು ಅಳುತ್ತಲೇ ನನ್ನನ್ನು ಮುಂದಕ್ಕೆ ತಂದಳು.

ಹುಸೇನಸಾಬ ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಕೈ ಚಾಚಿದ. ನಾನು ಕೊಟ್ಟ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ.

“ನಾ ಹಿಡದಿದ್ದೆನ್ರಿ,” ಎಂದ. “ಅಂಥಾ ನೀರಿನ್ಯಾಗೂ ಕೈ ಬೆಚ್ಚಗಿತ್ತು. ಬಿಡಬ್ಯಾಡ ಕಾಕಾ ಅಂದ. ಸೆಳವಿಗೆ ಜಾರಿತು.”

“ನಾ ಇಲ್ಲೇ ಅದೀನಲ್ರಿ, ಕಾಕಾ. ನನಗ ಏನೂ ಆಗಿಲ್ಲ,” ಎಂದೆ.

ಆತ ತಲೆಯಾಡಿಸಿದ. ಕೈ ಮಾತ್ರ ಬಿಡಲಿಲ್ಲ.

“ನೀವು ಇಲ್ಲೇ ಇದ್ರ,” ಎಂದ, “ನಾ ಬಿಟ್ಟಿದ್ದು ಯಾರ ಕೈರಿ?”

ಕೇಳುವವರಿಲ್ಲದ ಯಾರೋ ಒಬ್ಬ ಅಲ್ಲಿ ಮುಳುಗಿಹೋದನೇ, ಅಥವಾ ನನಗೆ ಹೆಸರಿಡಲು ಬಾರದ ಇನ್ನೇನಾದರೂ ಆಯಿತೇ, ಇಂದಿಗೂ ತಿಳಿದಿಲ್ಲ. ಹುಸೇನಸಾಬ ಮುಂದಿನ ಬೇಸಿಗೆಯಲ್ಲಿ ತೀರಿಕೊಂಡನೆಂದು, ಆ ಕಡೆ ವಿಚಾರಿಸಿದ್ದ ಅಕ್ಕನಿಂದ ತಿಳಿಯಿತು. ಕೊನೆಯವರೆಗೂ ಆತ ಆ ಪ್ರಶ್ನೆಯನ್ನು ಮನೆಗೆ ಬಂದವರನ್ನೆಲ್ಲ ಕೇಳುತ್ತಿದ್ದನಂತೆ.