ಕಂಟೇನರಿನೊಳಗೆ ಚೌಡಿಯ ಸೊಪ್ಪು

ಇತಿಹಾಸದಲ್ಲಿ ಸ್ನಾತಕೋತ್ತರ ಪದವಿ ಪಡೆದ ಮೇಲೆ ಶಿವಮೊಗ್ಗದಲ್ಲಿ ಕೆಲಸ ಹುಡುಕಿದೆ. ಸಿಗಲಿಲ್ಲ. ಕೊನೆಗೆ ಭದ್ರಾವತಿಯ ಹೊರವಲಯದಲ್ಲಿ ಅಡಿಕೆ ಹಾಳೆಯಿಂದ ಊಟದ ತಟ್ಟೆ ಮಾಡುವ ಒಂದು ಘಟಕವನ್ನು ಸೇರಿದೆ. ಅಮ್ಮ ಅಲ್ಲಿ ಮೊದಲಿನಿಂದಲೂ ಇದ್ದಳು; ನೆನೆಸಿದ ಹಾಳೆಯನ್ನು ಬಿಸಿ ಅಚ್ಚಿನಡಿ ಇಟ್ಟು ತಟ್ಟೆ ಒತ್ತುವುದು ಅವಳ ಕೆಲಸ. ಪರದೇಶದ ಖರೀದಿದಾರರಿಗೆ ಇಂಗ್ಲಿಷಿನಲ್ಲಿ ಬರೆಯುವವರು ಬೇಕೆಂದು ಯಜಮಾನರು ಹೇಳಿದಾಗ, ‘ನನ್ನ ಮಗಳು ಬರೀತಾಳೆ’ ಎಂದು ಅವಳು ಎಲ್ಲರೆದುರು ಹೇಳಿಬಿಟ್ಟಿದ್ದಳು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಆ ಮಾತನ್ನು ಸುಳ್ಳಾಗಿಸಬಾರದೆಂಬ ಭಯದೊಂದಿಗೇ ನನ್ನ ಉದ್ಯೋಗ ಆರಂಭವಾಯಿತು.

ಘಟಕದ ಮೊದಲ ಕಂಟೇನರ್ ಯೂರೋಪಿಗೆ ಹೊರಡಬೇಕಿತ್ತು. ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಹುಲಿಕಲ್ ಘಾಟಿ ಇಳಿದು ಮಂಗಳೂರು. ಅಲ್ಲಿಂದ ಸಣ್ಣ ಹಡಗಿನಲ್ಲಿ ಕೊಲಂಬೊ. ಮುಂದಕ್ಕೆ ದೊಡ್ಡ ಹಡಗು. ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ನಡೆಯುತ್ತಿದ್ದ ಕಾಲ ಅದು. ಆದ್ದರಿಂದ ಆ ಹಡಗು ಸೂಯೆಜ್ ಕಾಲುವೆಯನ್ನು ಬಿಟ್ಟು ಇಡೀ ಆಫ್ರಿಕಾವನ್ನು ಸುತ್ತಿಕೊಂಡು ಹೋಗಬೇಕಿತ್ತು. ನಾನು ತರಗತಿಯಲ್ಲಿ ಓದಿದ್ದು ಇದೇ ದಾರಿಯನ್ನು, ಆ ತುದಿಯಿಂದ ಈ ತುದಿಗೆ. ಪೋರ್ಚುಗೀಸರು ಆಫ್ರಿಕಾದ ದಕ್ಷಿಣದ ಭೂಶಿರವನ್ನು ಬಳಸಿ ಬಂದು ನಮ್ಮ ಕರಾವಳಿಯಲ್ಲಿ ಮೆಣಸು ಕೊಂಡರು. ಮೆಣಸೂ ಅಕ್ಕಿಯೂ ಹೇರೆತ್ತುಗಳ ಬೆನ್ನ ಮೇಲೆ ಘಟ್ಟ ಇಳಿಯುತ್ತಿದ್ದವು. ಮರಳುವಾಗ ಅದೇ ಎತ್ತುಗಳು ಉಪ್ಪು, ಒಣಮೀನು ಹೊತ್ತು ಹತ್ತುತ್ತಿದ್ದವು. ಇದನ್ನು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕಗಳನ್ನೂ ಪಡೆದಿದ್ದೆ. ಆ ಎತ್ತುಗಳ ಹಿಂದೆ ನಡೆದವರಿಗೆ ಹೆದರಿಕೆಯಾಗುತ್ತಿತ್ತೇ ಎಂದು ಮಾತ್ರ ಯಾವ ಪ್ರಶ್ನೆಪತ್ರಿಕೆಯೂ ಕೇಳಿರಲಿಲ್ಲ.

ಖರೀದಿದಾರರ ಷರತ್ತುಗಳಲ್ಲಿ ಒಂದು ನನಗೆ ಬಾಯಿಪಾಠವಾಗಿತ್ತು. ಒಣಗಿಸಿ ಶುದ್ಧಗೊಳಿಸಿದ ತಟ್ಟೆಗಳ ಹೊರತು ಕಂಟೇನರಿನಲ್ಲಿ ಬೇರೇನೂ ಇರಬಾರದು. ಹಸಿ ಎಲೆ, ಮಣ್ಣು, ಬೀಜ, ಜೀವಂತ ಹುಳ ಕಂಡುಬಂದರೆ ಅಲ್ಲಿನ ಅಧಿಕಾರಿಗಳು ಸರಕನ್ನು ಸುಡಿಸಲೂಬಹುದು. ಹಾಗೇನಾದರೂ ಆದರೆ ಘಟಕವನ್ನು ಮುಚ್ಚಬೇಕಾಗುತ್ತದೆ ಎಂದು ಯಜಮಾನರು ಮುಚ್ಚುಮರೆಯಿಲ್ಲದೆ ತಿಳಿಸಿದ್ದರು. ಅಂಥದ್ದೇನೂ ಒಳಗಿಲ್ಲವೆಂದು ಘೋಷಿಸಿ ಸಹಿ ಮಾಡಿದವಳು ನಾನು.

ಲೋಡಿಂಗ್ ನಡೆದ ಬೆಳಿಗ್ಗೆ ಪೂಜೆಯ ಕುಂಕುಮದ ಒಂದು ಕಣವೂ ಒಳಗೆ ಬೀಳದಂತೆ ನಾನು ಕಂಟೇನರಿನ ಬಾಗಿಲಲ್ಲಿ ಕಾವಲು ನಿಂತಿದ್ದೆ. ಅಮ್ಮನ ಪಕ್ಕದ ಅಚ್ಚಿನಲ್ಲಿ ಕೆಲಸ ಮಾಡುವ ಹೆಂಗಸು ನನ್ನನ್ನು ನೋಡಿ ಅಮ್ಮನಿಗೆ, ‘ನಿನ್ನ ಮಗಳು ಹಿಂಗೆ ನಿಂತ್ರೆ ದೇವರೂ ಐಡಿ ಕಾರ್ಡ್ ತೋರಿಸಿ ಒಳಗೆ ಹೋಗ್ಬೇಕು ಮಾರಾಯ್ತಿ’ ಎಂದಳು. ಎಲ್ಲರೂ ನಕ್ಕರು. ಬಾಗಿಲಿಗೆ ಸೀಲ್ ಬಿತ್ತು. ಪೂಜೆ ಹೊರಗೇ, ಲಾರಿಯ ಮುಂದೆ ನಡೆಯಿತು. ಚಕ್ರದಡಿಯ ನಿಂಬೆಹಣ್ಣು ಚಪ್ಪಟೆಯಾಯಿತು; ಲಾರಿ ಹೊರಟಿತು.

ಊಟಕ್ಕೆ ಕುಳಿತಾಗ ಅಮ್ಮ ಡಬ್ಬಿ ಬಿಚ್ಚುತ್ತ ನೆಮ್ಮದಿಯಿಂದ ಹೇಳಿದಳು: ‘ಚೌಡಿಗೆ ಸೊಪ್ಪು ಇಟ್ಟಾಗಿದೆ. ಘಟ್ಟ ಸಲೀಸಾಗಿ ಇಳೀತದೆ ಬಿಡು.’

‘ಎಲ್ಲಿ ಇಟ್ಟೆ?’

‘ಒಳಗೇ. ಬಾಗಿಲ ಹತ್ರದ ಪೆಟ್ಟಿಗೆ ಸಂದೀಲಿ. ನೀನು ಆ ಕಡೆ ತಿರುಗಿ ಫೋಟೋ ತೆಗೀತಿದ್ದೆ ನೋಡು, ಆಗ.’

ಘಾಟಿಯ ನೆತ್ತಿಯಲ್ಲಿ, ದಾರಿ ಕಾಯುವ ದೇವತೆ ಚೌಡಿಯ ಕಲ್ಲೊಂದಿದೆ. ಸರಕಿನೊಂದಿಗೆ ಇಳಿಯುವವರು ದಾರಿ ಬದಿಯ ಹಸಿರು ಟೊಂಗೆಯೊಂದನ್ನು ಮುರಿದು ಆ ಕಲ್ಲಿನ ಮೇಲೆ ಹಾಕಿ ಮುಂದುವರಿಯುವುದು ಹಿಂದಿನಿಂದ ಬಂದ ರೂಢಿ. ಅಪ್ಪ ಕಾಗದದ ಉರುಳೆಗಳನ್ನು ಬಂದರಿಗೆ ಸಾಗಿಸುವ ಲಾರಿ ಓಡಿಸುತ್ತಿದ್ದ ವರ್ಷಗಳಲ್ಲಿ ಅದನ್ನು ತಪ್ಪಿಸುತ್ತಿರಲಿಲ್ಲ. ಒಮ್ಮೆ ಜಡಿಮಳೆಯಲ್ಲಿ ನಿಲ್ಲಿಸದೆ ಇಳಿದರು. ತಿರುವಿನಲ್ಲಿ ಲಾರಿ ಜಾರಿತು. ಅಂದಿನಿಂದ ಅವರ ಬಲಗಾಲು ಮಡಚುವುದಿಲ್ಲ. ಈಗಿನ ಚಾಲಕ ಬಯಲುಸೀಮೆಯವನು. ಅವನು ನಿಲ್ಲಿಸುವನೋ ಇಲ್ಲವೋ ಎಂದು ಅಮ್ಮ ಸೊಪ್ಪನ್ನು ಸರಕಿನ ಜೊತೆಗೇ ಕಳುಹಿಸಿದ್ದಳು.

‘ಬರೀ ಸೊಪ್ಪಾ ಅಮ್ಮ?’

‘ಬಾಡಬಾರದು ಅಂತ ಬೇರು ಸಮೇತ ಕಿತ್ತಿದ್ದೆ. ಒದ್ದೆ ಬಟ್ಟೇಲಿ ಸುತ್ತಿದೀನಿ.’

ಬೇರು, ಅಂದರೆ ಮಣ್ಣು. ಒದ್ದೆ ಬಟ್ಟೆ, ಅಂದರೆ ಬೂಷ್ಟು. ವಾರಗಟ್ಟಲೆ ಮುಚ್ಚಿದ ಕಬ್ಬಿಣದ ಪೆಟ್ಟಿಗೆಯೊಳಗೆ, ಸಮುದ್ರದ ಸೆಕೆಯಲ್ಲಿ, ಒಣಗಿದ ತಟ್ಟೆಗಳ ನಡುವೆ. ಸುಮ್ಮನಿದ್ದರೆ ಇಂದು ಯಾರಿಗೂ ತಿಳಿಯುವುದಿಲ್ಲ. ಆದರೆ ಎಂದೋ ಒಂದು ದಿನ ನಾನು ಕಾಣದ ದೇಶದಲ್ಲಿ, ಕಾಣದ ಅಧಿಕಾರಿಯೊಬ್ಬ ಆ ಬಾಗಿಲನ್ನು ತೆರೆಯುತ್ತಾನೆ. ಹೇಳಿದರೆ ಅಮ್ಮನ ಕೆಲಸ ಈ ಮಧ್ಯಾಹ್ನವೇ ಹೋಗಬಹುದು. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ‘ತಪ್ಪಾಯ್ತಾ?’ ಎಂದು ಕೇಳಿದಳು. ನಾನು ಚಾಲಕನಿಗೆ ಫೋನ್ ಮಾಡಿದೆ. ಅವನು ತೀರ್ಥಹಳ್ಳಿಯನ್ನು ಇನ್ನೂ ದಾಟಿರಲಿಲ್ಲ.

‘ಸೀಲ್ ನಾನು ಮುಟ್ಟಲ್ಲ ಮೇಡಂ. ಅದು ಒಡೆದ್ರೆ ನನ್ನ ಹೊಟ್ಟೆಪಾಡೂ ಒಡೀತದೆ. ನಿಮ್ಮ ಯಜಮಾನ್ರು ಹೇಳ್ಲಿ, ಗಾಡಿ ತಿರುಗಿಸ್ತೀನಿ. ಅಲ್ಲೀತಂಕ ಇಲ್ಲೇ ಟೀ ಕುಡೀತಿರ್ತೀನಿ. ನೀವು ತಡ ಮಾಡಿದ್ರೆ ಊಟಾನೂ ಮುಗಿಸ್ತೀನಿ.’

ಯಜಮಾನರ ಕೋಣೆಯ ಹೊರಗೆ ನಿಂತು ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೆ. ಒಳಗೆ ಹೋಗಿ, ‘ಸರ್, ನಮ್ಮ ಸರಕಿನಲ್ಲಿ ಸಸ್ಯಸಂಬಂಧಿಯಾದ ಒಂದು ವಸ್ತು ಸೇರಿರುವ ಸಾಧ್ಯತೆ ಇದೆ’ ಎಂದೆ. ಅಮ್ಮ ನನ್ನ ಹಿಂದೆಯೇ ಬಂದಿದ್ದಾಳೆಂದು ನನಗೆ ಗೊತ್ತಿರಲಿಲ್ಲ.

‘ಸಾಧ್ಯತೆ ಏನೂ ಇಲ್ಲ ಸ್ವಾಮಿ,’ ಎಂದಳು ಅವಳು. ‘ನಾನೇ ಇಟ್ಟಿದ್ದು. ಇವಳಿಗೆ ಈಗಷ್ಟೇ ಹೇಳ್ದೆ.’

ಯಜಮಾನರು ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟರು. ಆಮೇಲೆ, ‘ಚೌಡಿಗಾ?’ ಎಂದು ಕೇಳಿದರು. ಅಮ್ಮ ತಲೆಯಾಡಿಸಿದಳು. ಅವರು ಚಾಲಕನಿಗೆ ಫೋನ್ ಮಾಡಿ ಲಾರಿಯನ್ನು ಹಿಂದಕ್ಕೆ ಕರೆಸಿದರು. ‘ನಿಮ್ಮನ್ನ ಕೆಲಸದಿಂದ ಈಗ ಕಳಿಸಲ್ಲ ಅಕ್ಕ. ಆದ್ರೆ ಅದರ ಮಣ್ಣು ಎಲ್ಲಾದ್ರೂ ಉಳಿದು ಅಲ್ಲಿ ಸಿಕ್ತು ಅಂದ್ರೆ, ಕಳಿಸೋಕೆ ನಾನೂ ಇರಲ್ಲ, ಈ ಬಾಗಿಲೂ ಇರಲ್ಲ.’

ಅನುಮತಿ ಪಡೆದು ಸೀಲ್ ತೆಗೆಸಿದಾಗ ಬಿಸಿಲು ಇಳಿಯುತ್ತಿತ್ತು. ಅಮ್ಮ ತೋರಿಸಿದ ಸಂದಿಯಲ್ಲೇ ಲಕ್ಕಿಯ ಎಳೆಗಿಡ ಇನ್ನೂ ಹಸಿರಾಗಿತ್ತು. ಬಟ್ಟೆ ಬಿಚ್ಚಿದರೆ ಬೇರಿನ ಮಣ್ಣಿನಿಂದ ಕೆಂಪಿರುವೆಗಳು ಸಾಲಾಗಿ ಹೊರಟು ಪಕ್ಕದ ಪೆಟ್ಟಿಗೆಯ ಅಂಚನ್ನು ಏರುತ್ತಿದ್ದವು. ಸೊಪ್ಪನ್ನು ತೆಗೆದುಹಾಕಬಹುದು, ಇರುವೆ ಎಲ್ಲೆಲ್ಲಿ ಹೊಕ್ಕಿದೆಯೆಂದು ಹೇಳುವವರು ಯಾರು? ಎಲ್ಲ ಪೆಟ್ಟಿಗೆಗಳನ್ನು ಇಳಿಸಿ, ಬಿಚ್ಚಿ, ಒರೆಸಿ, ಹುಳ ಸಾಯಿಸುವ ಹೊಗೆಯನ್ನು ಮತ್ತೆ ಹಾಕಿಸಿ ತುಂಬಿದೆವು. ಗೊತ್ತಾಗಿದ್ದ ಹಡಗು ತಪ್ಪಿತು. ಮುಂದಿನ ಹಡಗಿನಲ್ಲಿ ಸರಕು ಹೋಯಿತು.

ನಂತರದ ವಾರಗಳನ್ನು ನಾನು ಮೊಬೈಲಿನ ನಕ್ಷೆಯಲ್ಲಿ ಕಳೆದೆ. ಹಡಗಿನ ಗುರುತು ಆಫ್ರಿಕಾದ ಅಂಚಿನಲ್ಲಿ ಇರುವೆಯಂತೆಯೇ ತೆವಳುತ್ತಿತ್ತು. ಕಾಲುವೆಯ ದಾರಿಯಾಗಿದ್ದರೆ ಇಷ್ಟರಲ್ಲಿ ತಲುಪಿರುತ್ತಿತ್ತು ಎಂದು ಯೋಚಿಸುತ್ತಿದ್ದೆ. ತಲುಪದಿದ್ದರೇ ಒಳ್ಳೆಯದೆಂದೂ ಅನಿಸುತ್ತಿತ್ತು. ಅಮ್ಮ ಅಚ್ಚಿನಿಂದ ಕೈ ತೆಗೆಯದೆ ಕೇಳುತ್ತಿದ್ದಳು:

‘ಎಲ್ಲಿ ಮುಟ್ಟಿದೆ?’

‘ಭೂಶಿರ ದಾಟ್ತಿದೆ.’

‘ಅಲ್ಲೂ ಘಟ್ಟ ಇದೆಯಾ?’

‘ಸಮುದ್ರ ಅಮ್ಮ, ಬರೀ ನೀರು.’

‘ನೀರಿಗೂ ಯಾರಾದ್ರೂ ಇರ್ತಾರೆ,’ ಎಂದು ಅವಳು ಮತ್ತೊಂದು ಹಾಳೆ ಇಡುತ್ತಿದ್ದಳು. ಹೊಸ ಇಮೇಲ್ ಬಂದಾಗಲೆಲ್ಲ ಯಜಮಾನರ ಕೋಣೆಯ ಕಡೆಗಲ್ಲ, ಅವಳ ಬೆನ್ನಿನ ಕಡೆಗೆ ನನ್ನ ಕಣ್ಣು ಹೋಗುತ್ತಿತ್ತು.

ಸರಕು ತಪಾಸಣೆ ದಾಟಿ ಬಿಡುಗಡೆಯಾಗಿದೆ ಎಂಬ ಸಂದೇಶ ಒಂದು ಮಧ್ಯಾಹ್ನ ಬಂತು. ನಾನು ತಪ್ಪಾಗಿ ಅರ್ಥ ಮಾಡಿಕೊಂಡಿಲ್ಲವೆಂದು ಖಚಿತವಾಗುವವರೆಗೆ ಓದುತ್ತಲೇ ಇದ್ದೆ. ಅನಂತರವೇ ಯಜಮಾನರಿಗೆ ಹೇಳಿದೆ. ಅವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಮುಂದಿನ ಸರಕಿಗೂ ಬೇಡಿಕೆ ಬಂದಿದೆ, ಅಕ್ಕ ಅಚ್ಚಿನಲ್ಲೇ ಇರಲಿ ಎಂದರು. ಅಮ್ಮ ಸುದ್ದಿ ಕೇಳಿ ಸೆರಗಿನಲ್ಲಿ ಕೈ ಒರೆಸಿಕೊಂಡಳು.

‘ಮುಂದಿನ ಲೋಡ್ ದಿವಸ ನಂಗೆ ರಜ ಹಾಕು. ಮೊದಲ್ನೇ ಬಸ್ಸಿಗೆ ಹೋಗ್ತೀನಿ. ಕಲ್ಲಿನ ಮೇಲೆ ನಾನೇ ಇಡ್ತೀನಿ.’

ಮಳೆ ಹಿಡಿದಿದೆ, ಘಾಟಿಯಲ್ಲಿ ಮರಗಳು ಬೀಳುತ್ತವೆ, ಬಸ್ಸುಗಳನ್ನು ನಂಬುವಂತಿಲ್ಲ ಎಂದೆಲ್ಲ ವಾದಿಸಿದೆ.

‘ಲಾರಿ ಒಳಗೆ ಇಡಬಾರದು ಅಂದ್ರಿ, ಇಡಲ್ಲ. ಕಲ್ಲಿನ ಮೇಲೆ ಇಡಬಾರದು ಅಂತ ಯಾವ ದೇಶದೋರು ಹೇಳಿದಾರೆ?’

ಎರಡನೇ ಲೋಡಿನ ದಿನ ಅಮ್ಮ ಮೊದಲ ಬಸ್ಸಿನಲ್ಲೇ ಘಾಟಿಗೆ ಹೊರಟಳು. ನಾನು ಕಂಟೇನರಿನ ಸಂದಿಸಂದಿಗೆ ಟಾರ್ಚ್ ಹಾಕಿ ನೋಡಿ ಸೀಲ್ ಹಾಕಿಸಿದೆ. ಲಾರಿ ಹೊರಟಿತು. ಮಧ್ಯಾಹ್ನದ ಹೊತ್ತಿಗೆ ಘಟ್ಟ ಇಳಿದಿದ್ದೇನೆಂದು ಚಾಲಕ ತಿಳಿಸಿದ. ಅಮ್ಮನ ಫೋನ್ ಮಾತ್ರ ವ್ಯಾಪ್ತಿಯ ಹೊರಗಿತ್ತು. ಅಪ್ಪ ಮನೆಯಿಂದ ಕರೆ ಮಾಡಿ ‘ಬಂದ್ಲಾ?’ ಎಂದು ಕೇಳುತ್ತಲೇ ಇದ್ದರು. ಡಬ್ಬಿಯನ್ನು ಬಿಚ್ಚದೆ ಮುಂದಿಟ್ಟುಕೊಂಡು, ಅಪ್ಪನ ಲಾರಿ ಜಾರಿದ ತಿರುವು ಯಾವುದೆಂದು ಒಮ್ಮೆಯೂ ಕೇಳಿರಲಿಲ್ಲವಲ್ಲ ಎಂದು ಯೋಚಿಸುತ್ತ ಕುಳಿತೆ.

ಅಪರಿಚಿತ ಸಂಖ್ಯೆಯೊಂದರಿಂದ ಕರೆ ಬಂತು. ಮಳೆಯ ಸದ್ದಿನ ನಡುವೆ ಅಮ್ಮನ ದನಿ.

‘ಕಂಡಕ್ಟರ್ ಫೋನು, ಬೇಗ ಹೇಳ್ತೀನಿ. ಇಟ್ಟೆ. ನಮ್ಮ ಲಾರಿ ನನ್ನ ಕಣ್ಣೆದುರೇ ಇಳೀತು. ನಿಂದು ಊಟ ಆಯ್ತಾ?’

‘ಆಯ್ತು,’ ಎಂದೆ. ಫೋನ್ ಇಟ್ಟ ಮೇಲೆ ಅಪ್ಪನಿಗೆ ಕರೆ ಮಾಡಿದೆ.