ನಾಯಕಿಯ ಕಣ್ಣಿನ ಕಾಡಿಗೆ

ಅರವತ್ತರ ದಶಕದಲ್ಲಿ ನಾನು ಹೊನ್ನಾವರದ ಟೂರಿಂಗ್ ಟಾಕೀಸಿನಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದೆ. ಆಗ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಡೇರೆಯಲ್ಲಿ ಯಾರು ಶಿಳ್ಳೆ ಹಾಕಿದರೂ ನನ್ನನ್ನೇ ಬೈದಂತೆ ಅನಿಸುತ್ತಿತ್ತು. ಮಷಿನ್ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂಬ ಜಂಬ ಬೇರೆ.

ಒಂದು ಸಂಜೆ ರೀಲು ಬದಲಿಸುವಾಗ ಮುಂದಿನ ಬೆಂಚಿನಿಂದ ಹಿರಿಯರೊಬ್ಬರು ಎದ್ದು ನನ್ನ ಪ್ರೊಜೆಕ್ಟರ್ ಕೋಣೆಯ ಬಾಗಿಲಿಗೆ ಬಂದರು. ಪಕ್ಕದ ಕರ್ಕಿ ಊರಿನವರು. ಬಹಳ ವರ್ಷ ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡಿದವರು; ಸಿನಿಮಾದಲ್ಲೂ ನಾಯಕಿಯ ಮುಖವನ್ನೇ ನೋಡುತ್ತಿದ್ದರು.

"ತಮಾ, ಚಿತ್ರ ಮಸುಕು ಕಾಣ್ತು. ಅವಳ ಕಣ್ಣಿಗೆ ಕಾಡಿಗೆನೇ ಇಲ್ಲೆ" ಎಂದರು.

ಯಾರೋ ಕಿಸಕ್ಕನೆ ನಕ್ಕರು. ನನಗೆ ತಲೆ ಕೆಟ್ಟಿತು. "ಮೊದಲು ನಿಮ್ಮ ಕಣ್ಣು ತೋರಿಸ್ಕೊಂಡು ಬನ್ನಿ. ಕಣ್ಣು ಕಾಣದವರಿಗೆ ಸಿನಿಮಾ ಎಂತಕೆ?" ಎಂದು ಇಡೀ ಡೇರೆಗೆ ಕೇಳುವಂತೆ ಕೂಗಿದೆ. ಅವರು ಶಾಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು. ಆಮೇಲೆ ಆಟಕ್ಕೆ ಬರಲೇ ಇಲ್ಲ.

ಅವರು ಹೋದರೂ ದೂರು ಹೋಗಲಿಲ್ಲ. ಬೇರೆಯವರೂ ಗೊಣಗತೊಡಗಿದರು. ಕೊನೆಗೆ ಮಾಲೀಕರು ಕರೆದು, "ಭಾನುವಾರದೊಳಗೆ ಚಿತ್ರ ಸರಿ ಆಗ್ಬೇಕು. ಇಲ್ದಿದ್ರೆ ಹುಬ್ಬಳ್ಳಿಯಿಂದ ಬೇರೆಯವನನ್ನ ಕರೆಸ್ತೆ" ಎಂದರು. ನನಗೆ ಗೊತ್ತಿದ್ದದ್ದು ಅದೊಂದೇ ಕೆಲಸ. ಹೆದರಿಕೆಯಾಯಿತು.

ಲೆನ್ಸ್ ಬಿಚ್ಚಿ ಒರೆಸಿದೆ. ದೀಪದ ಹಿಂದಿನ ಕನ್ನಡಿಯ ಮಸಿ ತೆಗೆದೆ. ದೀಪ ಉರಿಸುವ ಕಾರ್ಬನ್ ಕಡ್ಡಿಯನ್ನೂ ಹೊಸದು ಹಾಕಿದೆ. ಉಪ್ಪುಗಾಳಿಗೆ ತೆರೆ ಹಳದಿಯಾಗಿದೆ ಎಂದು ಅದನ್ನೂ ಇಳಿಸಿ ಹೆಂಡತಿಯ ಕೈಗೆ ಕೊಟ್ಟೆ. ಅವಳು ಒಗೆದು ನೀಲಿ ಹಾಕಿದ್ದಲ್ಲದೆ ರೂಢಿಯಂತೆ ಗಂಜಿಯನ್ನೂ ಹಾಕಿಬಿಟ್ಟಳು. ತೆರೆ ಮದುವೆಗೆ ಹೊರಟ ಪಂಚೆಯ ಹಾಗೆ ಗರಿಗರಿಯಾಯಿತು, ಅಷ್ಟೆ. ಗೊಣಗಾಟ ನಿಲ್ಲಲಿಲ್ಲ. ನನಗೋ, ಚಿತ್ರ ಎಂದಿನಂತೆಯೇ ಕಾಣುತ್ತಿತ್ತು.

ಶುಕ್ರವಾರ ಹೊಸ ಚಿತ್ರದ ಡಬ್ಬಿ ಭಟ್ಕಳದಿಂದ ಬರುವುದಿತ್ತು. ಆಗ ಶರಾವತಿಗೆ ಸೇತುವೆ ಇರಲಿಲ್ಲ. ಆಚೆ ದಡದಲ್ಲಿ ಬಸ್ಸಿನಿಂದ ಇಳಿಸಿದ ಡಬ್ಬಿ ಲಾಂಚಿನಲ್ಲಿ ಹೊಳೆ ದಾಟಬೇಕು. ಮೀನು ತರಲೆಂದು ಹೆಂಡತಿಯೂ ನನ್ನ ಜೊತೆ ಲಾಂಚು ನಿಲ್ಲುವ ಧಕ್ಕೆಗೆ ಬಂದಿದ್ದಳು.

"ಡಬ್ಬಿ ಬಂತಲ್ಲ" ಎಂದಳು.

"ಎಲ್ಲಿ?"

"ಅಗೋ, ಲಾಂಚಿನ ಮುಂದೆ. ಅದರ ಮೇಲೆ ಒಬ್ಬ ಕೂತಿದ್ದಾನೆ, ನೋಡಿ."

ನನಗೆ ಲಾಂಚು ಕಂಡಿತು. ಡಬ್ಬಿ ಕಾಣಲಿಲ್ಲ, ಕೂತವನೂ ಕಾಣಲಿಲ್ಲ. ಅವಳು ನನ್ನ ಮುಖವನ್ನೇ ನೋಡಿದಳು. "ಅಷ್ಟು ದೊಡ್ಡ ಡಬ್ಬಿ ಕಾಣೂದಿಲ್ವ ನಿಮಗೆ? ಮತ್ತೆ ಚಿತ್ರ ಸರಿ ಉಂಟಾ ಇಲ್ವಾ ಅಂತ ಹ್ಯಾಗೆ ನೋಡ್ತೀರಿ?"

ಕಣ್ಣು ಕಿರಿದು ಮಾಡಿ ಮತ್ತೆ ನೋಡಿದೆ; ಆಗಲೂ ಡಬ್ಬಿ ಕಾಣಲಿಲ್ಲ.

ಮರುದಿನ ಬೆಳಿಗ್ಗೆಯೇ ಕುಮಟೆಗೆ ಹೋಗಿ ಕಣ್ಣು ತೋರಿಸಿದೆ. ಪುಣ್ಯಕ್ಕೆ ನನ್ನ ನಂಬರಿನ ಕನ್ನಡಕ ಅಲ್ಲಿಯೇ ಸಿಕ್ಕಿತು. ಸಂಜೆ ಅದನ್ನು ಹಾಕಿಕೊಂಡು ತೆರೆಯತ್ತ ನೋಡಿದೆ. ಇಷ್ಟು ದಿನ ನಾನು ಜನರಿಗೆ ತೋರಿಸುತ್ತಿದ್ದದ್ದು ಅಂಥ ಮಸುಕು ಚಿತ್ರ! ಲೆನ್ಸನ್ನು ಕೂದಲೆಳೆಯಷ್ಟು ತಿರುಗಿಸಿದೆ. ನಾಯಕಿಯ ರೆಪ್ಪೆಗಳು ಒಂದೊಂದೇ ಕಂಡವು. ಕಾಡಿಗೆಯೂ ಕಂಡಿತು. ಮಾಲೀಕರು ಬಂದು ನೋಡಿ "ಆತು" ಎಂದರು. ಕೆಲಸ ಉಳಿಯಿತು. ಆದರೂ ನಾಚಿಕೆಯಿಂದ ಆ ರಾತ್ರಿ ಊಟ ಸೇರಲಿಲ್ಲ.

ಭಾನುವಾರ ಕರ್ಕಿಗೆ ಹೋದೆ. ಹಿರಿಯರು ಜಗಲಿಯಲ್ಲಿ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಹೇಳಿದರು: "ನೀ ಹೇಳಿದ ಮೇಲೆ ಕಣ್ಣು ತೋರ್ಸಕಂಡು ಬಂದೆ ತಮಾ. ಡಾಕ್ಟ್ರು ಎಂತದೂ ತೊಂದ್ರೆ ಇಲ್ಲೆ ಹೇಳಿದ್ರು. ಆದ್ರೂ ನಂಗೆ ಹೆದ್ರಿಕೆ."

ನಾನು ಬೈದ ಮಾತನ್ನು ಅವರು ನಂಬಿದ್ದರು. ಇಷ್ಟು ದಿನ ಕುರುಡಾಗುವ ಭಯದಲ್ಲಿ ಕೂತಿದ್ದರು. ನಾನು ಕನ್ನಡಕ ತೆಗೆದು ಅವರ ಕೈಗಿಟ್ಟು, "ಮಸುಕಾದದ್ದು ನನ್ನ ಕಣ್ಣು" ಎಂದೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು, ಶಾಲಿನ ಅಂಚಿನಿಂದ ಒರೆಸಿ ಹಿಂದಕ್ಕೆ ಕೊಟ್ಟರು.

ಆ ಸಂಜೆ ಅವರನ್ನು ಅದೇ ಬೆಂಚಿನಲ್ಲಿ ಕೂರಿಸಿದೆ. ಆಟ ಶುರುವಾಗುವ ಮೊದಲು ಜನರೆದುರು ನಿಂತು ತಪ್ಪು ನನ್ನದೆಂದು ಹೇಳಿದೆ. ಆಮೇಲೆ ಕೋಣೆಗೆ ಹೋಗಿ, ನಾಯಕಿಯ ಮುಖ ತೆರೆಯ ತುಂಬ ಬಂದಾಗ, ಅಂದಿನಷ್ಟೇ ಗಟ್ಟಿಯಾಗಿ ಕೂಗಿ ಕೇಳಿದೆ:

"ಕಾಡಿಗೆ ಉಂಟಾ?"

ಅವರು ಎರಡೂ ಕಣ್ಣು ಉಜ್ಜಿಕೊಂಡು ಮತ್ತೊಮ್ಮೆ ನೋಡಿದರು.

"ಇದ್ದು ತಮಾ," ಎಂದರು. "ನಂಗೆ ಕಾಣ್ತು."