ಸೀರೆಯ ಮೇಲೊಂದು ಶರ್ಟು

ಮೂವತ್ತು ವರ್ಷದಿಂದ ಹೊನ್ನವಳ್ಳಿಯಲ್ಲಿ ರವಿಕೆ ಹೊಲಿಯುತ್ತಿರುವ ನನಗೆ, ಹೆಂಗಸರ ಉಡುಪಿನ ಬಗ್ಗೆ ಗೊತ್ತಿಲ್ಲದ್ದು ಏನೂ ಇಲ್ಲ ಅನ್ನುವ ಜಂಬವಿತ್ತು. ಊರಿನ ಅರ್ಧ ಹೆಂಗಸರ ಅಳತೆ ನನ್ನ ಪುಸ್ತಕದಲ್ಲಿದೆ. ಆ ಜಂಬ ಇಳಿಸಿದ್ದು ಒಂದು ಹಾಡು.

ಹಾಡು ಬರೆದವನು ಗೆಳೆಯ ಸಿದ್ದೇಶ, ಕೊಬ್ಬರಿ ಶೆಡ್ಡಿನಲ್ಲಿ ಕಾಯಿ ಒಡೆಯುವ ಹೆಂಗಸರ ಮೇಲೆ. ನಮ್ಮವ್ವ ಮಂಡಿ ಸೋಲುವ ತನಕ ಅದೇ ಕೆಲಸ ಮಾಡಿದವಳು. ಎರಡೆರಡು ಸಲ ಹಾಡಿಸಿ ಕೇಳಿದೆ. ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕೋಣ ಅಂದರೆ ಶೆಡ್ಡಿನ ಹೆಂಗಸರು ಒಬ್ಬರೂ ಒಪ್ಪಲಿಲ್ಲ. "ನೆಂಟರು ಆಡ್ಕಂತಾರೆ ಕಣಣ್ಣ" ಅಂದುಬಿಟ್ಟರು. ಸರಿ, ನಾನೇ ಹೆಂಗಸಾಗುತ್ತೇನೆ ಅಂದೆ. ನೀವು ನಗುತ್ತೀರಿ, ನಗಿ. ನನಗಿದ್ದದ್ದು ಒಂದೇ ಹಟ: ಅವ್ವ ಅದನ್ನು ನೋಡಿದಾಗ ತನ್ನ ದುಡಿಮೆ ಕಾಣಬೇಕು, ನಗೆಪಾಟಲಲ್ಲ. ಅವಳಿಗೆ ಹೇಳಲೂ ಇಲ್ಲ.

ನಮ್ಮ ಕಡೆ ಗಂಡಸು ಸೀರೆ ಉಡುವುದು ಹೊಸದಲ್ಲ. ಹಿಂದೆ ಊರ ನಾಟಕಗಳಲ್ಲಿ ರಾಣಿಯೂ ಗಂಡಸೇ, ಅವಳ ಸವತಿಯೂ ಗಂಡಸೇ. ತೆಂಗಿನ ಸೀಮೆಯಲ್ಲಿ ಎದೆಗೆ ಕಟ್ಟಿಕೊಳ್ಳಲು ಚಿಪ್ಪಿಗೇನು ಬರ? ನಮ್ಮ ಸೋದರಮಾವ ಒಮ್ಮೆ ರಾಣಿಯಾಗಿ ಶೋಕದಲ್ಲಿ ಎದೆ ಬಡಿದುಕೊಂಡಾಗ ಟಕಟಕ ಸದ್ದಾಗಿ ಸತ್ತ ರಾಜನೇ ನಕ್ಕುಬಿಟ್ಟನಂತೆ. ನಾನು ಹುಷಾರು, ಸ್ಪಂಜು ಇಟ್ಟು ಹೊಲಿದುಕೊಂಡೆ. ಮೀಸೆ ಬೋಳಿಸಿ ಅವ್ವನಿಗೆ ಏನೋ ಸುಳ್ಳು ಹೇಳಿದೆ. ತಿಪಟೂರಿನ ಮೇಕಪ್ಪಿನವನು ಮುಖಕ್ಕೆ ಮೂರು ಪದರ ಬಳಿದು, ತುಟಿಗೆ ಕೆಂಪು ಹಚ್ಚಿ, ಮಿಂಚಿನ ಸೀರೆ ಉಡಿಸಿ, ಕೈ ತುಂಬ ಗಾಜಿನ ಬಳೆ ತೊಡಿಸಿದ. ಕನ್ನಡಿ ನೋಡಿಕೊಂಡು, ಸುಳ್ಳೇಕೆ, ಸ್ವಲ್ಪ ನಾಚಿದೆ.

ಶೆಡ್ಡಿನಲ್ಲಿ ಸಿದ್ದೇಶ ವಿಡಿಯೋ ತೆಗೆಯಲು ನಿಂತ. ಅವ್ವನ ಹಳೆಯ ಜೊತೆಗಾತಿ ಪುಟ್ಟಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಮಚ್ಚು ಕೊಟ್ಟು, "ಒಂದ್ ಕಾಯಿ ಒಡಿಯಪ್ಪ" ಅಂದಳು. ಒಣಗಿದ ಕಾಯಿಯ ಚಿಪ್ಪು ಮಾತ್ರ ಒಡೆದು ಬಿದ್ದು, ಒಳಗಿನ ಕೊಬ್ಬರಿ ಗಿಟುಕು ಇಡಿಯಾಗಿ ಉಳಿಯಬೇಕು. ಹೊಡೆದೆ. ಎರಡು ಬಳೆ ಚೂರಾದವು, ಸೆರಗು ಅಡ್ಡ ಬಂತು, ಗಿಟುಕು ಹೋಳಾಯಿತು.

"ನಿಮ್ಮವ್ವ ಹಿಂಗಿದ್ಲೇನಪ್ಪ?" ಅಂದಳು ಪುಟ್ಟಮ್ಮ.

ಕುಗ್ಗಿಹೋದೆ. ಅವ್ವ ಕೆಲಸಕ್ಕೆ ಹೊರಟಾಗ ಸೀರೆಯ ಮೇಲೆ ಅಪ್ಪನ ಹಳೇ ತುಂಬುತೋಳಿನ ಶರ್ಟು ಹಾಕಿಕೊಳ್ಳುತ್ತಿದ್ದಳು, ಸೆರಗು ಅಲ್ಲಾಡದ ಹಾಗೆ, ಧೂಳು ಮೈಗೆ ಅಂಟದ ಹಾಗೆ. ಶೆಡ್ಡಿನಲ್ಲಿ ಎಲ್ಲರದ್ದೂ ಅದೇ ಉಡುಪು. ದಿನಾ ನೋಡಿದ್ದೆ. ಆದರೆ ಅದಕ್ಕೆ ಅಳತೆ ಕೊಡಲು ಯಾರೂ ಬರುವುದಿಲ್ಲ ನೋಡಿ, ನನಗೆ ನೆನಪೇ ಆಗಲಿಲ್ಲ.

ಇವತ್ತು ಬೇಡ, ಇನ್ನೊಂದು ದಿನ ತೆಗೆಯೋಣ ಅಂದೆ. ಸಿದ್ದೇಶ ಗೊಣಗಿದ. ಗೊಣಗಲಿ ಬುಡು ಅಂತ ಬಣ್ಣ ತೊಳೆದುಕೊಂಡು, ಅಂಗಡಿಗೆ ಬಾಗಿಲು ಹಾಕಿ, ಒಂದು ವಾರ ಪುಟ್ಟಮ್ಮನ ಪಕ್ಕ ಕೂತು ಕಾಯಿ ಒಡೆದೆ. ಹೆಬ್ಬೆರಳು ಎರಡು ಸಲ ಜಜ್ಜಿತು. ಆದರೂ ಕೂತಲ್ಲಿಂದ ಏಳಲಿಲ್ಲ. ಆಮೇಲೆ ವಿಡಿಯೋ ತೆಗೆದ ದಿನ ಪುಟ್ಟಮ್ಮನ ಮಾಸಿದ ಸೀರೆ, ಮೇಲೆ ನನ್ನದೇ ಹಳೇ ಶರ್ಟು, ತಲೆಗೆ ಟವೆಲ್ಲು. ಮೇಕಪ್ಪಿನ ಕೆಲಸವನ್ನು ಶೆಡ್ಡಿನ ಧೂಳೇ ಮಾಡಿ ಮುಗಿಸಿತು.

ವಿಡಿಯೋ ಸಿದ್ಧವಾದ ದಿನ ಫೋನು ಹಿಡಿದು ಅವ್ವನ ಪಕ್ಕ ಕೂತೆ. ಅವ್ವ ನಗಲಿಲ್ಲ. ಮಗನ ಗುರುತೂ ಹತ್ತಲಿಲ್ಲ. ಕನ್ನಡಕ ಸರಿಮಾಡಿಕೊಂಡು, ಬಗ್ಗಿ ನೋಡಿ, "ಯಾವೂರೋಳ್ಲಾ ಈ ಹೆಂಗ್ಸು? ಹೊಸಬಳು. ಮಚ್ಚನ್ನ ಇನ್ನೊಸಿ ಕೆಳಗೆ ಹಿಡೀಬೇಕು, ಕೈ ಕುಯ್ಕಂಡಾಳು. ಒಂದ್ ಮಾತು ಹೇಳು ಅವಳಿಗೆ" ಅಂದಳು.

ಹೇಳ್ತೀನವ್ವ, ಅಂದೆ.